ಫೈನಲ್ ಪಂದ್ಯದ ಕ್ಯಾಸೆಟ್ಟು

ಸೌತ್ ಸಿ ಬಡಾವಣೆ, ನೈರೋಬಿ. ಅಕ್ಕನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಭಾವ ಮೆಲ್ಬರ್ನಿನಲ್ಲಿ ಓದಿದ ಡಾಕ್ಟರು. ಅಲ್ಲಿನ ಫುಟ್‌ಬಾಲ್ ಹುಚ್ಚು ಇನ್ನೂ ಬಿಟ್ಟಿಲ್ಲ. ಈಗ ಅಲ್ಲೇ ಇರುವ ನಾನು ಪಂದ್ಯಗಳ ವಿಡಿಯೊ ಕ್ಯಾಸೆಟ್ ಕಳಿಸುತ್ತೇನೆ. ಫಲಿತಾಂಶ ಮಾತ್ರ ತಿಳಿಸುವಂತಿಲ್ಲ. ಫೈನಲ್ಲಿನದನ್ನು ಈ ಸಲ ನಾನೇ ಕೈಯಲ್ಲಿ ತಂದೆ.

"ಯಾರು ಗೆದ್ರು ಅಂತ ಬಾಯಿ ಬಿಟ್ಯೋ, ಇಲ್ಲೇ ಇಳಿಸಿ ಹೋಗ್ತೀನಿ," ಎಂದು ಏರ್‌ಪೋರ್ಟಿನಿಂದ ಬರುವಾಗ ಭಾವ ನಕ್ಕರು.

ಮನೆಯ ಗೇಟಿನಲ್ಲೇ ಇಬ್ಬರು ಪಿಸ್ತೂಲು ಹಿಡಿದು ನಮ್ಮನ್ನು ಕಾರಿನಿಂದ ಇಳಿಸಿದರು. ಭಾವ ಕೀ ಕೊಟ್ಟರು, ವಾಚು ಕೊಟ್ಟರು. ಆಮೇಲೆ ಸೀಟಿನ ಮೇಲಿದ್ದ ಕ್ಯಾಸೆಟ್ಟಿಗೆ ಕೈ ಚಾಚಿದರು. ಪಿಸ್ತೂಲು ಅವರ ಕಿವಿಗೆ ಒತ್ತಿತು. ಒಬ್ಬ ಕ್ಯಾಸೆಟ್ಟನ್ನು ತಿರುಗಿಸಿ ನೋಡಿ ಭಾವನ ಎದೆಗೆಸೆದ. ಕಾರು ಹೋಯಿತು.

ಈಗ ಹಾಲ್‌ನಲ್ಲಿ ಅದೇ ಕ್ಯಾಸೆಟ್ಟು ಓಡುತ್ತಿದೆ. ಭಾವನ ಮೆಚ್ಚಿನ ತಂಡ ಮುಂದಿದೆ, ಅವರು ಕೂಗುತ್ತಿದ್ದಾರೆ. ಕ್ಯಾಸೆಟ್ಟಿಗಾಗಿ ಜೀವ ಪಣಕ್ಕಿಟ್ಟರೆಂದು ಬೆಳಗಿನಿಂದ ಅವರೊಡನೆ ಮಾತು ಬಿಟ್ಟಿರುವ ಅಕ್ಕ ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದಳು:

"ಕೊನೆಗೆ ಇವರದ್ದೇ ಗೆಲ್ಲತ್ತೇನೋ?"

"ಇಲ್ಲಕ್ಕ."

ಅಕ್ಕ ಒಲೆ ಆರಿಸಿ, ಹೋಗಿ ಅವರ ಪಕ್ಕ ಕೂತಳು.