ಕಾಳು ಹಾಕಿದ ಕಾಕಾ

ಮೊನ್ನೆ ಧಾರವಾಡದಲ್ಲಿ ಮಗಳ ಶಾಲೆಯ ಪಾಲಕರ ಸಭೆಗೆ ಹೋಗಿದ್ದೆ. ಆಹಾರದ ಬಗ್ಗೆ ಮಾತಾಡಲು ಬಂದ ಹುಡುಗಿಯೊಬ್ಬಳು ಮೊಳಕೆ ಬಂದ ಮಡಕಿಕಾಳಿನ ಬಟ್ಟಲನ್ನು ಎಲ್ಲರ ಕೈಗೂ ದಾಟಿಸಿದಳು. ‘ದಿನಾ ಒಂದು ಹಿಡಿ ಕಾಳು ತಿನ್ರಿ, ಮಕ್ಕಳಿಗೂ ತಿನ್ನಿಸ್ರಿ’ ಎಂದಳು. ಬಟ್ಟಲು ಹತ್ತಿರ ಬಂದಾಗ ಆ ವಾಸನೆ ಮೂಗಿಗೆ ಹೊಡೆಯಿತು. ಒದ್ದೆ ಬಟ್ಟೆಯ, ಹಸಿ ಕಾಳಿನ, ಚೂರು ಹುಳಿಯಾದ ವಾಸನೆ... ತಿನ್ನದೆ ಪಕ್ಕದವರಿಗೆ ಕೊಟ್ಟುಬಿಟ್ಟೆ. ಇಪ್ಪತ್ತೈದು ವರ್ಷವಾದರೂ ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇಳಿದಿಲ್ಲ.

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ನಮ್ಮ ಮನೆಯ ಎದುರಿಗೇ ಅವನ ಕಿರಾಣಿ ಅಂಗಡಿ. ಓಣಿಗೆಲ್ಲ ಅವನು ಕಾಕಾ. ಗಿರಾಕಿ ಬಂದರೆ ಬರ್ರಿ ಅನ್ನುತ್ತಿರಲಿಲ್ಲ, ‘ಇವತ್ತ ಮನ್ಯಾಗ ಯಾವ ಕಾಳು ಮಾಡೀರಿ?’ ಅನ್ನುತ್ತಿದ್ದ. ಬರೀ ಅನ್ನ-ಸಾರು ಅಂದವರ ಕಥೆ ಮುಗಿಯಿತು! ನಾಲ್ಕು ಮಂದಿಯ ಎದುರಿಗೆ ಬೈಸಿಕೊಳ್ಳಬೇಕು. ತಕ್ಕಡಿಯ ಪಕ್ಕದಲ್ಲೇ ಒದ್ದೆ ಬಟ್ಟೆಯ ಗಂಟುಗಳಿರುತ್ತಿದ್ದವು. ಒಂದರಲ್ಲಿ ಮಡಕಿ, ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ಹುರುಳಿ. ಮೊಳಕೆ ಒಡೆದದ್ದನ್ನು ಬೇಡವೆಂದರೂ ಒಂದೊಂದು ಹಿಡಿ ಸುಮ್ಮನೇ ಕೊಡುತ್ತಿದ್ದ. ದೊಡ್ಡ ಧರ್ಮಾತ್ಮ!

ನಾನಾಗ ಪಿಯುಸಿ ಮೊದಲ ವರ್ಷ. ಕಡ್ಡಿಯಂತಿದ್ದೆ, ಒಪ್ಪುತ್ತೇನೆ. ಅದನ್ನು ಅವನು ಊರಿಗೆಲ್ಲ ಸಾರಬೇಕಿತ್ತೇ? ಒಂದು ಸಂಜೆ ಅವ್ವನ ಜೊತೆ ಹೋಗಿದ್ದೆ. ಅಂಗಡಿಯಲ್ಲಿ ನನ್ನ ಕಾಲೇಜಿನ ಇಬ್ಬರು ಹುಡುಗಿಯರೂ ಇದ್ದರು.

‘ತಂಗೀ, ನಿನ್ನ ಮಗಳ ಕೈ ನೋಡು, ಊದಿನಕಡ್ಡಿ ಆಗ್ಯಾವ. ಬರೇ ಚುರಮರಿ ತಿನ್ನಿಸಿ ಬೆಳಸಾಕತ್ತೀಯೇನು? ನಾಳಿಂದ ದಿನಾ ಬಾ, ಕಾಳು ಕೊಡ್ತೀನಿ’ ಎಂದ.

ಹುಡುಗಿಯರು ಕಿಸಕ್ಕನೆ ನಕ್ಕರು. ಅವ್ವ ಕೂಡ ನಕ್ಕಳು! ಮರುದಿನದಿಂದ ಖರೇನೇ ಹೋಗಿ ತರತೊಡಗಿದಳು. ಕಾಲೇಜಿನಲ್ಲಿ ನನಗೆ ಊದಿನಕಡ್ಡಿ ಎಂಬ ಹೆಸರು ಬಿತ್ತು. ತಾಟಿನಲ್ಲಿ ದಿನಾ ಕಾಳಿನ ಉಸುಳಿ ಕಂಡು ಮೈ ಉರಿಯುತ್ತಿತ್ತು. ಎರಡು ತಿಂಗಳಲ್ಲಿ ಕೈಯಿಂದ ಬಳೆ ಜಾರುವುದು ನಿಂತಿತು, ಅದೂ ಖರೇ. ಅದಕ್ಕೇ ಸಿಟ್ಟು ಇನ್ನಷ್ಟು ಹೆಚ್ಚಾಯಿತು.

ಓಣಿಯ ನಳ ಅವನ ಅಂಗಡಿಯ ಕಟ್ಟೆಗೆ ಅಂಟಿಕೊಂಡೇ ಇತ್ತು. ವಾರಕ್ಕೊಮ್ಮೆ ನೀರು ಬಂದ ದಿನ ಹೆಂಗಸರೆಲ್ಲ ಕೊಡ ಹಿಡಿದು ಅಲ್ಲೇ. ಅಂಥ ಒಂದು ದಿನ ನಾನು ನೀರಿಗೆ ನಿಂತಿದ್ದಾಗ ಒಬ್ಬಾಕೆ, ‘ನಿಮ್ಮವ್ವ ಎಲ್ಲಿ ಹೋಗ್ಯಾಳವಾ?’ ಎಂದು ಕೇಳಿದಳು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ!

‘ಕಾಕಾನ್ನ ಕೇಳ್ರಿ. ದಿನಾ ನಮ್ಮವ್ವಗ ಕಾಳು ಹಾಕಾಕತ್ತಾನ’ ಎಂದೆ.

ಕಾಳು ಹಾಕುವುದೆಂದರೆ ಹೆಣ್ಣಿಗೆ ಗಾಳ ಹಾಕುವುದು ಎಂಬ ಇನ್ನೊಂದು ಅರ್ಥ ಗೊತ್ತಿದ್ದೇ ಆಡಿದೆ. ಅವನಿಗೆ ಉರಿಯಲಿ ಎಂದೇ ಆಡಿದ್ದು. ಹೆಂಗಸರು ಬಿದ್ದು ಬಿದ್ದು ನಕ್ಕರು. ಒಳಗೆ ಹೆಸರು ಕೇರುತ್ತಿದ್ದ ಕಾಕಾ ತಲೆಯೆತ್ತಿ ನನ್ನನ್ನು ನೋಡಿದ. ಆ ಮಾತಿನೊಳಗೆ ಅವ್ವನೂ ಇದ್ದಾಳೆ ಅನ್ನುವುದು ನನಗೆ ಆಗ ಹೊಳೆಯಲೇ ಇಲ್ಲ.

ನಾಲ್ಕು ದಿನದಲ್ಲಿ ಮಾತು ಓಣಿ ಸುತ್ತಿ ಅಪ್ಪನ ಕಿವಿಗೆ ಬಿತ್ತು. ಮೊದಲು ಆಡಿದವರು ಯಾರೆಂಬುದು ಅಷ್ಟರಲ್ಲಿ ದಾರಿಯಲ್ಲೇ ಉದುರಿಹೋಗಿತ್ತು. ಅಪ್ಪ ಹೋಗಿ ಕಾಕಾನ ಅಂಗಿ ಹಿಡಿದ. ‘ಯಾರ ಹೆಂಡ್ತಿಗಿ ಕಾಳು ಹಾಕಾಕತ್ತೀಯೋ ಮಗನ?’ ಓಣಿಯೆಲ್ಲ ಸೇರಿತ್ತು. ಅವ್ವ ಬಾಗಿಲಲ್ಲಿ ನಿಂತಿದ್ದಳು, ನಾನು ಅವಳ ಹಿಂದೆ. ಕಾಕಾ ನನ್ನ ಕಡೆ ನೋಡಿದ. ಈಗ ನನ್ನ ಹೆಸರು ಹೇಳುತ್ತಾನೆ ಎಂದುಕೊಂಡು ಅವ್ವನ ಬೆನ್ನಿಗೆ ಇನ್ನಷ್ಟು ಸರಿದೆ.

‘ತಪ್ಪಾತ್ರಿ. ಇನ್ನ ಮ್ಯಾಲೆ ಯಾರಿಗೂ ಏನೂ ಹೇಳೂದಿಲ್ಲ’ ಎಂದ.

ತಪ್ಪಾಯಿತು ಅಂದನಲ್ಲ, ಮೂರ್ಖ! ಓಣಿಯ ಪಾಲಿಗೆ ಮಾತು ಖರೇ ಅಂತಲೇ ಆಗಿಹೋಯಿತು. ಅವ್ವ ನಳಕ್ಕೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಕೊನೆಗೆ ಅವಳು ನೀರಿಗೆ ಹೋಗುವುದನ್ನೇ ಬಿಟ್ಟಳು. ಅಪ್ಪ ಬಹಳ ದಿನ ಅವಳ ಮುಖ ನೋಡಿ ಮಾತಾಡಲಿಲ್ಲ. ಕಾಕಾ ಬಾಯಿ ಮುಚ್ಚಿಕೊಂಡು ಕೇಳಿದ್ದನ್ನಷ್ಟೇ ತೂಗಿ ಕೊಡುತ್ತಿದ್ದ. ನನ್ನ ಲಗ್ನದ ಹೊತ್ತಿಗೆ ಅಂಗಡಿ ಮುಚ್ಚಿ ತನ್ನ ಊರು ಶಿರಗುಪ್ಪಿಗೆ ಹೋದನಂತೆ... ಅಲ್ಲೇ ತೀರಿಕೊಂಡನೆಂದು ಎಷ್ಟೋ ವರ್ಷದ ಮೇಲೆ ತಿಳಿಯಿತು.

ಅವ್ವ ಹೋಗಿ ಈಗ ಎರಡು ವರ್ಷ. ಹಾಸಿಗೆ ಹಿಡಿದಿದ್ದಾಗ ಒಮ್ಮೆ, ‘ಯಾರ ಹಾಳ ಬಾಯಾಗಿಂದ ಆ ಮಾತು ಹುಟ್ಟಿತೋ, ಆಕಿಗಿ ಎಂದೂ ಒಳ್ಳೇದಾಗೂದಿಲ್ಲ’ ಎಂದಳು. ನಾನು ಅವಳ ಕಾಲು ಒತ್ತುತ್ತಿದ್ದೆ. ಒತ್ತುತ್ತಲೇ ಇದ್ದೆ.

ಮೊನ್ನೆ ಸಭೆ ಮುಗಿದು ಎಲ್ಲರೂ ಎದ್ದು ಹೋದರೂ ನಾನು ಕೂತೇ ಇದ್ದೆ. ಅವತ್ತು ಅವನು ಬೆರಳು ತೋರಿಸಿ ‘ಹೇಳಿದಾಕಿ ಈಕಿನ’ ಅಂದಿದ್ದರೆ ಅಪ್ಪನ ಕೈಯಲ್ಲಿ ನಾಲ್ಕು ಏಟು ತಿಂದು, ಅವ್ವನ ಕಾಲು ಹಿಡಿದು ಅತ್ತು, ಎಲ್ಲ ಅಲ್ಲಿಗೇ ಮುಗಿಸುತ್ತಿದ್ದೆ. ನನ್ನನ್ನು ಉಳಿಸು ಎಂದು ಅವನಿಗೆ ಯಾರು ಹೇಳಿದ್ದರು? ಈಗ ಅವ್ವನೂ ಇಲ್ಲ, ಕಾಕಾನೂ ಇಲ್ಲ. ಆ ಬಾಯಿ ನನ್ನದೇ ಎಂದು ಹೇಳಬೇಕೆಂದರೂ ಬೈಯುವವರಿಲ್ಲ.