ಅಸ್ಮಾ ಹಾಕಿದ ಷರತ್ತು

ಜವಳಗೇರಾದ ಬಸ್‌ಸ್ಟ್ಯಾಂಡಿನ ಎದುರಿಗೆ ಉಸ್ಮಾನ್‌ಸಾಬನ ಪಂಕ್ಚರ್ ಅಂಗಡಿ. ಅವನ ಹೆಂಡತಿ ಗುಲ್ಷನ್‌ಬೀ ಮನೆಯಲ್ಲಿ ಕುಪ್ಪಸ ಹೊಲಿಯುತ್ತಿದ್ದಳು. ಇವರ ಮಗಳು ಅಸ್ಮಾ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲಿಗಳಾಗಿ ಪಾಸಾದಳು. ಗಂಡ ಹೆಂಡತಿ ಇಬ್ಬರಿಗೂ ಖುಷಿಯಾಯಿತು. ಮುಂದೇನು ಓದಿಸಬೇಕೆಂಬುದು ಮಾತ್ರ ತಿಳಿಯಲಿಲ್ಲ.

ಅವರಿಗೆ ತಿಳಿಯದಿದ್ದರೇನು, ಊರಿಗೆ ತಿಳಿದಿತ್ತು. ಟೈರು ಬಿಚ್ಚಿಸಲು ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟೇ ಹೋಗುತ್ತಿದ್ದರು. ಆರ್ಟ್ಸ್ ಸಾಕು ಎಂದವರು ಕೆಲವರು, ಮದುವೆಗೆ ಇನ್ನೆಷ್ಟು ದಿನ ಎಂದು ಲೆಕ್ಕ ಹಾಕಿದವರು ಕೆಲವರು. ಎದುರು ಮನೆಯಲ್ಲೇ ಇದ್ದ ಅಸ್ಮಾಳ ಸೋದರತ್ತೆ ಕರೀಮಾಬಿ ಬಾಗಿಲಲ್ಲಿ ನಿಂತೇ ತಮ್ಮನಿಗೆ ತೀರ್ಪು ಕೊಟ್ಟಿದ್ದಳು: "ಸೈನ್ಸ್ ಅಂತ ಹೇಳಬ್ಯಾಡ. ನನ್ನ ಮಗನ್ನ ನೋಡಿ ಬುದ್ಧಿ ಬರಲಿಲ್ಲೇನು ನಿನಗ?"

ಕರೀಮಾಬಿಯ ಮಗ ಮುಕ್ತಿಯಾರ್ ನಾಲ್ಕು ವರ್ಷ ಹಿಂದೆ ಸಿಂಧನೂರಿನ ಒಂದು ಖಾಸಗಿ ಕಾಲೇಜಿನ ವಿಶೇಷ ಬ್ಯಾಚಿಗೆ ಸೇರಿದ್ದ. ಡಾಕ್ಟರು ಎಂಜಿನಿಯರುಗಳನ್ನು ತಯಾರು ಮಾಡುವ ಬ್ಯಾಚು ಅದು. ಬೆಳಕು ಹರಿಯುವ ಮುಂಚೆ ಶುರುವಾದ ಪಾಠ ಕತ್ತಲಾದ ಮೇಲೆ ಮುಗಿಯುತ್ತಿತ್ತು, ಭಾನುವಾರವೂ ಪರೀಕ್ಷೆ. ಆರು ತಿಂಗಳಿಗೆ ಮುಕ್ತಿಯಾರ್ ಹಾಸಿಗೆ ಸುತ್ತಿಕೊಂಡು ಬಂದ. ಯಾಕೆ ಬಂದೆ ಎಂದರೆ ಯಾರಿಗೂ ಹೇಳಲಿಲ್ಲ. ಈಗ ಭತ್ತ ಕೊಯ್ಯುವ ಯಂತ್ರ ನಡೆಸುತ್ತಿದ್ದ.

ಅಸ್ಮಾ ಹೋಗಬೇಕೆಂದುಕೊಂಡದ್ದು ಅದೇ ಬ್ಯಾಚಿಗೆ.

ಪ್ರವೇಶಕ್ಕೆ ಕಾಲೇಜಿನವರೇ ಒಂದು ಪರೀಕ್ಷೆ ಇಟ್ಟಿದ್ದರು. ಅದರಲ್ಲಿ ಮುಂದೆ ಬಂದವರಿಗೆ ಫೀಸಿಲ್ಲ. ಉಸ್ಮಾನ್‌ಸಾಬ ಮಗಳನ್ನು ಸಿಂಧನೂರಿಗೆ ಕರೆದುಕೊಂಡು ಹೋಗಿ ಕಾಲೇಜಿನ ಬೇವಿನ ಮರದ ಕೆಳಗೆ ಕುಳಿತ. ಒಳಗೆ ಪ್ರಶ್ನೆಪತ್ರಿಕೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ಅಸ್ಮಾ ಎದ್ದು ಕನ್ನಡದ್ದು ಕೇಳಿದಳು. ಇಲ್ಲ ಎಂದರು. ಆಕೆ ಕುಳಿತು, ಒಂದೊಂದು ಪ್ರಶ್ನೆಯನ್ನೂ ಎರಡೆರಡು ಸಲ ಓದಿ, ತಿಳಿದಷ್ಟಕ್ಕೆ ಕನ್ನಡದಲ್ಲಿ ಉತ್ತರ ಬರೆದಿಟ್ಟು ಬಂದಳು.

ವಾರದೊಳಗೆ ಕಾಲೇಜಿನಿಂದ ಫೋನು ಬಂತು. ಪ್ರಿನ್ಸಿಪಾಲ್ ಬಸ್ಸಪ್ಪ ತಂದೆ ಮಗಳಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡರು. ಪಕ್ಕದಲ್ಲಿ ಭೌತಶಾಸ್ತ್ರದ ಉಪನ್ಯಾಸಕ ಗಾದಿಲಿಂಗ ಕುಳಿತಿದ್ದರು.

"ಇಂಗ್ಲಿಷ್ ಪೇಪರಿಗೆ ಕನ್ನಡದಾಗ ಬರದೀಯಲ್ಲವಾ, ಇದನ್ನ ಯಾರು ನೋಡಬೇಕು?" ಎಂದರು ಬಸ್ಸಪ್ಪ.

"ಪ್ರಶ್ನೆ ತಿಳೀತ್ರಿ, ಬರದೀನಿ. ಉತ್ತರ ತಪ್ಪಿದ್ರ ಹೇಳ್ರಿ."

ಬಸ್ಸಪ್ಪ ಗಾದಿಲಿಂಗರ ಮುಖ ನೋಡಿದರು. ಗಾದಿಲಿಂಗ ಮೆಲ್ಲಗೆ, "ಹೆಚ್ಚಿನವು ಸರಿ ಅದಾವ್ರಿ. ಅದಕ್ಕ ಕರೆಸೀವಿ," ಎಂದರು. ನಂತರ ಅಸ್ಮಾಳ ಕಡೆ ತಿರುಗಿದರು. "ನೋಡವಾ, ನಾ ನಿನ್ನ ಒಳ್ಳೇದಕ್ಕ ಹೇಳ್ತೀನಿ. ಇಲ್ಲಿ ಪಾಠ ಎಲ್ಲಾ ಇಂಗ್ಲಿಷ್‌ನಾಗ, ಅದೂ ಓಡೋಡಿ ಹೋಗ್ತದ. ಕನ್ನಡ ಮೀಡಿಯಂ ಹುಡುಗ್ರು ಉಳಿದಿದ್ದು ನಾ ನೋಡಿಲ್ಲ. ಆರ್ಟ್ಸ್ ತಗೊಂಡ್ರ ಅರಾಮ ಇರ್ತಿ."

"ಮನ್ಯಾಗ ನಾವು ದಖನಿ ಉರ್ದು ಮಾತಾಡ್ತೀವಿ ಸರ್," ಎಂದಳು ಅಸ್ಮಾ. "ಒಂದನೇ ಕ್ಲಾಸಿಗೆ ಹೋದಾಗ ನನಗ ಕನ್ನಡಾನೂ ಬರ್ತಿರ್ಲಿಲ್ಲ. ಆವಾಗ ಯಾರೂ ಶಾಲಿ ಬಿಡು ಅನ್ನಲಿಲ್ಲ. ಅದನ್ನ ಕಲ್ತೀನಿ, ಇದನ್ನೂ ಕಲೀತೀನಿ."

ಉಸ್ಮಾನ್‌ಸಾಬ ಮಗಳ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. ಬೈಯಲು ಬಾಯಿ ಬರಲಿಲ್ಲ ಎಂದು ಆಮೇಲೆ ಹೆಂಡತಿಗೆ ಹೇಳಿದನಂತೆ.

ಬಸ್ಸಪ್ಪ ಫೀಸಿಲ್ಲದೆ ಸೀಟು ಕೊಡಲು ಒಪ್ಪಿದರು. ದಸರಾದ ಹೊತ್ತಿಗೆ ಎಲ್ಲ ವಿಷಯದಲ್ಲಿ ಪಾಸಾಗದಿದ್ದರೆ ತಕರಾರು ಮಾಡದೆ ಆರ್ಟ್ಸ್‌ಗೆ ಹೋಗಬೇಕು ಎಂಬುದು ಅವರ ಷರತ್ತು. ಸೇರುವುದಿದ್ದರೆ ಸೋಮವಾರ ಬಂದು ಹೇಳಿ ಎಂದರು.

ಬಸ್ಸಿನಲ್ಲಿ ಬರುವಾಗ ಅಸ್ಮಾಳ ಧೈರ್ಯ ಇಳಿಯಿತು. ಅಷ್ಟು ಹೊತ್ತು ಮಾತಾಡಿದವಳು ತಾನೇನಾ ಎನಿಸಿತು. ಗಾದಿಲಿಂಗ ಸರ್ ಕೆಟ್ಟವರಂತೆ ಕಂಡಿರಲಿಲ್ಲ. ಅವರು ಹೇಳಿದ್ದು ನಿಜವೂ ಇರಬಹುದು. ಮುಕ್ತಿಯಾರ್ ಭಾಯಿ ಹೈಸ್ಕೂಲಿನಲ್ಲಿ ತನಗಿಂತ ಜಾಣನಾಗಿದ್ದ. ಅವನಿಗೇ ಆಗದ್ದು ತನಗೆ ಹೇಗೆ ಆದೀತು?

ಮರುದಿನ ಮುಕ್ತಿಯಾರ್ ಕಾಲುವೆಯ ದಂಡೆಯಲ್ಲಿ ಯಂತ್ರ ನಿಲ್ಲಿಸಿ ಅದರ ಬೆಲ್ಟಿನಲ್ಲಿ ಸಿಕ್ಕ ಹುಲ್ಲು ಕೀಳುತ್ತಿದ್ದ. ಅಸ್ಮಾ ಹೋಗಿ ನೇರವಾಗಿ ಕೇಳಿದಳು.

"ಭಾಯಿ, ನೀ ಯಾಕ ಬಿಟ್ಟು ಬಂದಿ?"

ಅವನು ಕೆಲಸ ನಿಲ್ಲಿಸಲಿಲ್ಲ. "ಆಗಲಿಲ್ಲ, ಬಂದೆ."

"ಓದಾಕ ಆಗಲಿಲ್ಲೇನು?"

"ಓದು ಏನು ಮಾಡ್ತದ? ಓದಿದ್ರ ಬರ್ತದ." ಕಿತ್ತ ಹುಲ್ಲನ್ನು ಕಾಲುವೆಗೆ ಎಸೆದು ತಾನೇ ಮಾತು ಮುಂದುವರಿಸಿದ. "ಮೊದಲನೇ ವಾರ ಎದ್ದು ನಿಂತು ಒಂದು ಕೇಳಿದೆ. ಕನ್ನಡದಾಗ ಕೇಳಿದೆ. ಕ್ಲಾಸ್ ಪೂರಾ ನಕ್ತು, ಸರ್‌ನೂ ನಕ್ಕ. ಆವತ್ತಿಂದ ಕೇಳೋದು ಬಿಟ್ಟೆ. ಒಂದು ತಿಳೀಲಿಲ್ಲಂದ್ರ ಅದರ ಮುಂದಿಂದೂ ತಿಳಿಯಂಗಿಲ್ಲ. ಹಂಗ ಸುಮ್ಮ ಕುಂತು ಕುಂತು, ಒಂದಿನ ಪುಸ್ತಕ ತೆರದ್ರ ಒಂದಕ್ಷರ ತಲಿಗೆ ಹೋಗವಲ್ದು."

"ಮತ್ತ ನಾ ಹೋಗಬ್ಯಾಡೇನು?"

ಮುಕ್ತಿಯಾರ್ ಕೈ ಒರೆಸಿಕೊಂಡು ಅವಳನ್ನು ಮೊದಲ ಸಲ ನೋಡಿದ. "ನಾ ಹೋಗಬ್ಯಾಡ ಅಂದೆನೇನು? ಹೋದ್ರ ಬಾಯಿ ಮುಚ್ಕೊಂಡು ಕುಂದ್ರಬ್ಯಾಡ."

ಅಸ್ಮಾ ಮನೆಗೆ ಬಂದವಳೇ ಅಬ್ಬಾನಿಗೆ ಹೇಳಿದಳು: ಸೇರುತ್ತೇನೆ. ಕರೀಮಾಬಿಗೆ ಸುದ್ದಿ ಮುಟ್ಟಿದ್ದೇ ತಡ, ಬಂದು ತಮ್ಮನನ್ನು ತರಾಟೆಗೆ ತೆಗೆದುಕೊಂಡಳು. ಹೊಲಿಗೆ ಮಷಿನ್ನಿನ ಮುಂದೆ ಕುಳಿತಿದ್ದ ಗುಲ್ಷನ್‌ಬೀ ಅಷ್ಟು ವರ್ಷದಲ್ಲಿ ಗಂಡನ ಅಕ್ಕನಿಗೆ ಎದುರು ಮಾತಾಡಿದವಳಲ್ಲ. ಅಂದು ದಾರ ಕತ್ತರಿಸಿ, "ಹೋಗಿ ಬರಲಿ ಬಿಡ್ರಿ ಆಪಾ," ಎಂದಳು. "ಆಗಲಿಲ್ಲಂದ್ರ ಮನಿ ಇಲ್ಲೇ ಇರ್ತದಲ್ಲ."

ಸೋಮವಾರ ಅಸ್ಮಾ ಬಸ್ಸಪ್ಪನವರ ಮುಂದೆ ನಿಂತು, "ನಿಮ್ಮ ಷರತ್ತು ಒಪ್ಪೀನ್ರಿ. ನಂದೂ ಒಂದೈತಿ," ಎಂದಳು. "ಕ್ಲಾಸಿನಾಗ ತಿಳೀಲಿಲ್ಲಂದ್ರ ಕೇಳ್ತೀನಿ. ಇಂಗ್ಲಿಷ್ ಬರೋತನಕ ಕನ್ನಡದಾಗ ಕೇಳ್ತೀನಿ. ಬ್ಯಾಡ ಅನ್ನಬಾರ್ದು."

ಹುಡುಗಿಯೊಬ್ಬಳು ತಮಗೆ ಷರತ್ತು ಹಾಕಿದ್ದು ಬಸ್ಸಪ್ಪನವರಿಗೆ ಹಿಡಿಸಲಿಲ್ಲ. ಆದರೂ ಬೇಡವೆನ್ನಲು ಕಾರಣ ಸಿಗಲಿಲ್ಲ. "ಆತು ಹೋಗು," ಎಂದರು.

ನಗು ಎರಡನೆಯ ದಿನವೇ ಬಂತು. ಗಾದಿಲಿಂಗರ ತರಗತಿಯಲ್ಲಿ ಅಸ್ಮಾ ಎದ್ದು, ವೇಗ ಮತ್ತು ವೇಗೋತ್ಕರ್ಷಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ, ನೀವು ಈಗ ಹೇಳಿದ್ದು ಯಾವುದು ಎಂದು ಕೇಳಿದಳು. ಹಿಂದಿನ ಬೆಂಚಿನಿಂದ ಯಾರೋ ಅವಳ ದನಿಯನ್ನೇ ಅಣಕಿಸಿದರು. ಗಾದಿಲಿಂಗ ಗಡಿಯಾರ ನೋಡಿ, "ಕೂಡು, ಆಮ್ಯಾಲ ಹೇಳ್ತೀನಿ," ಎಂದರು.

ಆಕೆ ಕೂಡಲಿಲ್ಲ. ಮುಖ ಕೆಂಪಗಾಗಿತ್ತು. ಆದರೂ, "ಈಗ ತಿಳೀಲಿಲ್ಲಂದ್ರ ಮುಂದಿಂದು ತಿಳಿಯಂಗಿಲ್ರಿ," ಎಂದು ನಿಂತೇ ಇದ್ದಳು. ನಗು ತಾನಾಗಿ ನಿಂತಿತು. ಗಾದಿಲಿಂಗ ಸಿಡಿಮಿಡಿಗೊಂಡೇ ಬೋರ್ಡಿಗೆ ತಿರುಗಿ, ಎರಡೂ ಶಬ್ದಗಳನ್ನು ಎರಡೂ ಭಾಷೆಯಲ್ಲಿ ಬರೆದರು. ಮುಕ್ಕುಂದದಿಂದ ಬರುತ್ತಿದ್ದ ಭಾಗ್ಯಶ್ರೀ ಎಂಬ ಹುಡುಗಿ ಅದನ್ನು ಸದ್ದಿಲ್ಲದೆ ಬರೆದುಕೊಂಡಳು. ಅವಳೂ ಕನ್ನಡ ಮಾಧ್ಯಮದವಳೇ. ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ಹಾಗೆಂದು ಎಲ್ಲ ಸಲೀಸಾಗಲಿಲ್ಲ. ಮೊದಲ ಪರೀಕ್ಷೆಯಲ್ಲಿ ಅಸ್ಮಾ ಜೀವಶಾಸ್ತ್ರ ಬಿಟ್ಟು ಉಳಿದೆಲ್ಲದರಲ್ಲಿ ಫೇಲಾದಳು. ಬಸ್ಸಪ್ಪ ಮತ್ತೆ ಉಸ್ಮಾನ್‌ಸಾಬನನ್ನು ಕರೆಸಿದರು. ಆರ್ಟ್ಸ್‌ನಲ್ಲಿ ಈಗಲೇ ಜಾಗವಿದೆ, ಸುಮ್ಮನೆ ಹುಡುಗಿಯ ವರ್ಷ ಹಾಳು ಮಾಡಬೇಡಿ ಎಂದರು. ಅಸ್ಮಾಳ ಕಣ್ಣಲ್ಲಿ ನೀರಿತ್ತು. "ದಸರಾ ಅಂದಿದ್ರಿ ಸರ್. ದಸರಾ ಇನ್ನೂ ಬಂದಿಲ್ಲ," ಎಂದಳು.

ಉಸ್ಮಾನ್‌ಸಾಬ ಕಾಲೇಜಿನೊಳಗೆ ಬಾಯಿಬಿಟ್ಟದ್ದು ಅದೇ ಮೊದಲು. "ಆಕಿ ಅಂದಿದ್ದು ಖರೇ ಐತ್ರಿ. ನೀವು ಕೊಟ್ಟ ಮಾತದು. ಅಲ್ಲೀತನಕ ಬಿಡ್ರಿ."

ಬಿಟ್ಟರು. ಆ ಮಳೆಗಾಲವಿಡೀ ಅಸ್ಮಾ ಮತ್ತು ಭಾಗ್ಯಶ್ರೀ ಊಟದ ಬಿಡುವಿನಲ್ಲಿ ಇಂಗ್ಲಿಷ್ ಪಾಠವನ್ನು ಕನ್ನಡಕ್ಕೆ ಬಿಡಿಸುವುದು, ಮತ್ತೆ ಅದನ್ನೇ ಇಂಗ್ಲಿಷಿನಲ್ಲಿ ಕಟ್ಟುವುದು ಮಾಡಿದರು. ತರಗತಿಯಲ್ಲಿ ಎದ್ದು ಕೇಳುವವರು ಈಗ ಇಬ್ಬರಾದರು, ಆಮೇಲೆ ಇನ್ನೂ ಕೆಲವರು. ಇಂಗ್ಲಿಷ್ ಮಾಧ್ಯಮದಿಂದ ಬಂದವರಲ್ಲೂ ಹಲವರಿಗೆ ಪಾಠ ತಿಳಿಯುತ್ತಿರಲಿಲ್ಲ ಎಂಬುದು ಆಗ ಬಯಲಾಯಿತು. ದಸರಾದ ಪರೀಕ್ಷೆಯಲ್ಲಿ ಅಸ್ಮಾ ಎಲ್ಲದರಲ್ಲೂ ಪಾಸಾದಳು, ಗಣಿತದಲ್ಲಿ ಕೂದಲೆಳೆಯಷ್ಟರಲ್ಲಿ. ಆರ್ಟ್ಸ್‌ನ ಮಾತು ಮತ್ತೆ ಏಳಲಿಲ್ಲ.

ಎರಡು ವರ್ಷದ ಕೊನೆಗೆ ಪಿಯುಸಿಯಲ್ಲಿ ಆಕೆಗೆ ಒಳ್ಳೆಯ ಅಂಕ ಬಂತು. ವೈದ್ಯಕೀಯ ಸೀಟು ಸಿಗಲಿಲ್ಲ. ಇನ್ನೊಂದು ವರ್ಷ ಕುಳಿತು ಓದು, ಸಿಕ್ಕೇ ಸಿಗುತ್ತದೆ ಎಂದು ಬಸ್ಸಪ್ಪನವರೇ ಮನೆಯವರೆಗೆ ಬಂದು ಹೇಳಿದರು. ತಮ್ಮ ಕಾಲೇಜಿನ ಬೋರ್ಡಿನ ಮೇಲೆ ಅವಳ ಫೋಟೊ ಹಾಕುವ ಆಸೆ ಅವರಿಗಿತ್ತು. ಅಸ್ಮಾ ಚಹಾ ಕೊಟ್ಟು, ಒಲ್ಲೆ ಎಂದಳು. ರಾಯಚೂರಿನಲ್ಲಿ ಕೃಷಿ ಪದವಿಗೆ ಸೇರಿದಳು.

ಈಗ ಆಕೆ ಒಂದು ಬೀಜದ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಲಿಂಗಸುಗೂರಿನಲ್ಲಿ ಕೋಣೆ ಮಾಡಿಕೊಂಡಿದ್ದಾಳೆ. ಸ್ಕೂಟಿ ಹತ್ತಿ ಮಸ್ಕಿ ಕಡೆಯ ತೊಗರಿ, ಹತ್ತಿ ಹೊಲಗಳಿಗೆ ಹೋಗಿ ಬೆಳೆ ನೋಡುತ್ತಾಳೆ. ಹೊಲಕ್ಕೆ ಹೆಣ್ಣುಮಗಳು ಬಂದಳೆಂದು ಮುಖ ತಿರುಗಿಸುವ ರೈತರ ಹತ್ತಿರ ಮೊದಲು ಹೋಗುವುದು ಅವಳ ಅಭ್ಯಾಸ.

ಹೋದ ರಂಜಾನ್ ಹಬ್ಬಕ್ಕೆ ಊರಿಗೆ ಬಂದಿದ್ದಾಗ, ಶಾವಿಗೆಯ ಸುರಕುಂಬಾ ಕುಡಿಯುತ್ತ ಕುಳಿತ ನೆರೆಯವನೊಬ್ಬ ತಮಾಷೆ ಮಾಡಿದ: "ಅಷ್ಟು ಕಷ್ಟದ ಬ್ಯಾಚ್ ಓದಿದ್ಯವಾ, ಕಡೀಗೆ ಡಾಕ್ಟರ್ ಆಗಲೇ ಇಲ್ಲಲ್ಲ."

"ಡಾಕ್ಟರ್ ಆಗ್ತೀನಂತ ನಾ ಯಾರ ಮುಂದ ಹೇಳಿದ್ದೆ ಚಾಚಾ?" ಎಂದಳು ಅಸ್ಮಾ. "ಓದ್ತೀನಿ ಅಂದಿದ್ದೆ. ಓದೀನಿ."

ಮಾತು ಕೇಳಿಸಿಕೊಂಡ ಕರೀಮಾಬಿ ಅಡುಗೆಮನೆಯಿಂದ ಬಂದು, ಅವನ ಕೈಯಲ್ಲಿದ್ದ ಖಾಲಿ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಮತ್ತೆ ತುಂಬಿಸಿ ತರಲಿಲ್ಲ.