ಮಗ್ಗದ ಸದ್ದಿನಲ್ಲೊಂದು ಕೌನ್ಸೆಲಿಂಗ್

ರೋಗಿಗಾಗಿ ಪ್ರಾರ್ಥನೆ ಮಾಡಲು ಏಳು ಜನ ಹೆಣ್ಣುಮಕ್ಕಳು ಹೋಗಿದ್ದೆವು. ಆ ಏಳೂ ಜನಕ್ಕೆ ಉಪ್ಪಿಟ್ಟು ಮಾಡಿ, ಚಹಾ ಕಾಸಿ ಕೊಟ್ಟವರು ಯಾರು ಹೇಳಿ?

ರೋಗಿಯೇ.

ರೋಗಿ ಬೇರೆ ಯಾರೂ ಅಲ್ಲ, ಬನಹಟ್ಟಿಯಲ್ಲಿರುವ ನನ್ನ ಅಕ್ಕ ಸುಶೀಲಾ. ಮೂರು ತಿಂಗಳಿಂದ ಅವಳಿಗೆ ನಿದ್ದೆ ಇಲ್ಲ. ತಲೆನೋವು. ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಮುಧೋಳದ ಡಾಕ್ಟರು ರಕ್ತ, ಸ್ಕ್ಯಾನು ಎಲ್ಲ ಮಾಡಿಸಿ "ನಾರ್ಮಲ್" ಅಂದರು. ಮನಸ್ಸಿಗೆಂದು ಒಂದು ಗುಳಿಗೆ ಬರೆದುಕೊಟ್ಟರು. ಅಕ್ಕ ಕೆಲವು ದಿನ ನುಂಗಿ ಬಿಟ್ಟುಬಿಟ್ಟಳು. ನಮ್ಮ ಚರ್ಚಿನ ಸಭೆಯವರೇ ಯಾರೋ ಹೇಳಿದರಂತೆ, ವಿಶ್ವಾಸ ಇದ್ದವರಿಗೆ ಮನಸ್ಸಿನ ಗುಳಿಗೆ ಯಾಕೆ ಬೇಕು ಅಂತ. (ಹಾಗೆ ಹೇಳಿದವರು ಮೊಣಕಾಲಿಗೆ ದಿನವೂ ಮುಲಾಮು ತಿಕ್ಕಿಕೊಳ್ಳುತ್ತಾರೆ. ಮೊಣಕಾಲಿಗೆ ವಿಶ್ವಾಸ ಬೇಡವೇ?)

ಅಕ್ಕನ ಮನೆಯಲ್ಲಿ ಎರಡು ಪಾವರ್‌ಲೂಮ್. ಒಂದು ಭಾವನದು, ಒಂದು ಅಕ್ಕನದು. ಅಕ್ಕನ ಮಗ್ಗ ಮೂರು ತಿಂಗಳಿಂದ ನಿಂತಿದೆ. ಅರ್ಧ ನೇಯ್ದ ಸೀರೆ ಅದರಲ್ಲೇ ಇದೆ, ಮೇಲೊಂದು ಹಳೆ ಸೀರೆ ಹೊದಿಸಿದ್ದಾಳೆ.

ಅಕ್ಕನ ಅತ್ತೆ ತೀರಿಕೊಂಡದ್ದೂ ಮೂರು ತಿಂಗಳ ಹಿಂದೆಯೇ. ಆದರೆ ಈ ಎರಡನ್ನೂ ನಾವು ಯಾರೂ ಕೂಡಿಸಿ ನೋಡಲಿಲ್ಲ. ಯಾಕೆ ನೋಡಬೇಕು? ಅತ್ತೆ ಸೊಸೆಯ ಜಗಳ ತವರಿನವರಾದ ನಾವು ಕಿವಿಯಾರೆ ಕೇಳಿದ್ದೆವಲ್ಲ. ಜಮಖಂಡಿಯಿಂದ ಯಾವಾಗ ಹೋದರೂ ಮಗ್ಗದ ಕೋಣೆಯಿಂದ ಇಬ್ಬರ ಕೂಗಾಟ. ಅತ್ತೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವುದು, ಅಕ್ಕ ಮಗ್ಗ ನಡೆಸುವುದು, ನಡುವೆ ಗಂಟಲು ಹರಿಯುವಂತೆ ಮಾತು. ಅತ್ತೆಯನ್ನು ಮಣ್ಣು ಮಾಡಿದ ದಿನ ನಮ್ಮವ್ವ ಅಕ್ಕನ ಕಿವಿಯಲ್ಲಿ ಅಂದಿದ್ದಳು: "ಇನ್ನ ಆರಾಮ ಇರು ಬೇ. ಕಾಟ ಹೋತು."

ಉಳಿದವರು ಸ್ವಲ್ಪ ಮರ್ಯಾದೆಯಿಂದ ಹೇಳಿದರು: "ಅಳಬ್ಯಾಡ್ರಿ, ಅವರು ಕರ್ತನ ಹತ್ರ ಅದಾರ." ಅಂತೂ ಯಾರೂ ಅವಳನ್ನು ಅಳಲು ಬಿಡಲಿಲ್ಲ.

ನಾವು ಹೋದ ದಿನ ಭಾವ ತಮ್ಮ ಮಗ್ಗ ನಿಲ್ಲಿಸಿ ಹೊರಗೆ ಹೋದರು. ಪ್ರಾರ್ಥನೆಗೆ ಸಪ್ಪಳ ಆಗಬಾರದು ನೋಡಿ. ಒಬ್ಬರಾದ ಮೇಲೆ ಒಬ್ಬರು ಉದ್ದುದ್ದ ಪ್ರಾರ್ಥನೆ ಮಾಡಿದೆವು. ಅಕ್ಕ ಕಣ್ಣು ಮುಚ್ಚುತ್ತಿದ್ದಳು, ಹಾಲು ಉಕ್ಕೀತೆಂದು ಎದ್ದು ಹೋಗುತ್ತಿದ್ದಳು, ಮತ್ತೆ ಬಂದು ಮುಚ್ಚುತ್ತಿದ್ದಳು. "ಏನೂ ಮಾಡಬ್ಯಾಡ" ಎಂದರೆ ಕೇಳುವವಳೇ? ಬಂದವರನ್ನು ಬರಿಬಾಯಲ್ಲಿ ಕಳಿಸುವುದು ನಮ್ಮ ಕಡೆ ರೋಗಕ್ಕಿಂತ ದೊಡ್ಡ ಸಂಕಟ.

ನಮ್ಮ ಜೊತೆ ಹೊಸ ಪಾಸ್ಟರರ ಹೆಂಡತಿಯೂ ಬಂದಿದ್ದರು. ಹುನ್ನೂರಿನವರು, ಮೊದಲು ನರ್ಸ್ ಆಗಿದ್ದವರು. ನಾವೆಲ್ಲ ಅಮ್ಮಾವ್ರು ಅನ್ನುತ್ತೇವೆ. ಅವರು ಪ್ರಾರ್ಥನೆ ಮಾಡಲೇ ಇಲ್ಲ. ತಮ್ಮ ಕಪ್ಪು ತಾವೇ ತೊಳೆದಿಟ್ಟು ಮಗ್ಗದ ಕೋಣೆಗೆ ಹೋದರು.

"ಇದ ಯಾರ ಮಗ್ಗರಿ, ಸೀರಿ ಹೊತಗೊಂಡ ಮಲಗೇತಿ?"

"ನಂದರಿ," ಅಂದಳು ಅಕ್ಕ.

"ಹಚ್ರಿ, ನೋಡೂಣು."

ಅಕ್ಕ ಹೊದಿಕೆ ತೆಗೆದು ಬಟನ್ ಒತ್ತಿದಳು. ಖಟಖಟ ಖಟಖಟ. ಅಮ್ಮಾವ್ರು ಏನೋ ಕೇಳಿದರು, ಕೇಳಿಸಲಿಲ್ಲ. ಒದರಿ ಕೇಳಿದರು. ಅಕ್ಕನೂ ಒದರಿ ಹೇಳಿದಳು. ಕೌನ್ಸೆಲಿಂಗ್ ಅಂದರೆ ಬಾಗಿಲು ಹಾಕಿಕೊಂಡು ಪಿಸುದನಿಯಲ್ಲಿ ಮಾಡುವುದು ಅಂದುಕೊಂಡಿದ್ದೆ. ಇಲ್ಲಿ ಹೊಸ್ತಿಲಲ್ಲಿ ನಿಂತ ಆರೂ ಜನಕ್ಕೆ ಒಂದಕ್ಷರ ಬಿಡದೆ ಕೇಳಿಸಿತು. (ನಾವು ಅಲ್ಲಿಂದ ಸರಿಯಬೇಕಿತ್ತು. ಸರಿಯಲಿಲ್ಲ.)

"ಅತ್ತಿ ಭಾಳ ಬೈತಿದ್ರಂತಲ್ಲ?"

"ಎಲ್ಲಿ ಬೈತಿದ್ರರಿ. ಮಾತಾಡತಿದ್ವಿ. ಈ ಸಪ್ಪಳದಾಗ ಒದರದಿದ್ರ ಕೇಳಸೂದ ಹೆಂಗ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಏನ ಮಾತಾಡತಿದ್ರಿ?"

"ಏನರ. ಬದ್ನಿಕಾಯಿ ಹುಳಕ ಬಂದಾವು, ಬಾಜೂಮನಿ ಸೊಸಿ ಮತ್ತ ತವರಿಗೆ ಹೋಗ್ಯಾಳ, ಹಿಂಗ. ಒಮ್ಮೊಮ್ಮೆ ಬೈತಿದ್ರು ಖರೆ, ನಾನೂ ಬಿಡತಿದ್ದಿಲ್ಲ. ಈಗ ಒದರಿದ್ರ ಯಾರೂ ಹೊಳ್ಳಿ ಒದರೂದಿಲ್ರಿ. ಎಲ್ಲಾರೂ ಕಾಟ ಹೋತು ಅಂತಾರ. ನನಗ ಅಳು ಬರತೈತಿ. ಯಾರ ಮುಂದ ಅಳಲಿ?"

"ಇಲ್ಲೇ ಅಳ್ರಿ. ಮಗ್ಗ ನಡದೈತಿ, ಓಣ್ಯಾಗ ಯಾರಿಗೂ ಕೇಳೂದಿಲ್ಲ."

ಅಕ್ಕ ಅತ್ತಳು. ಮಗ್ಗದ ಚೌಕಟ್ಟು ಹಿಡಿದುಕೊಂಡು, ಬಾಯಿ ಬಿಟ್ಟು ಅತ್ತಳು. ಅಮ್ಮಾವ್ರು ಅವಳ ಬೆನ್ನ ಮೇಲೆ ಕೈ ಇಟ್ಟು ನಿಂತಿದ್ದರು, ಅಷ್ಟೇ. ನಡುವೆ ಒಂದು ಎಳೆ ಹರಿಯಿತು. ಅಕ್ಕ ಅಳುತ್ತಲೇ ಮಗ್ಗ ನಿಲ್ಲಿಸಿ, ಸೆರಗಿನಿಂದ ಮೂಗು ಒರೆಸಿಕೊಂಡು, ಎಳೆ ಗಂಟು ಹಾಕಿದಳು.

ಆಗ ಅಮ್ಮಾವ್ರು ಪ್ರಾರ್ಥನೆ ಮಾಡಿದರು. ಎರಡೇ ಮಾತು: "ಸ್ವಾಮಿ, ಇಂಥಾ ಅತ್ತಿನ್ನ ಕೊಟ್ಟಿದ್ದಕ್ಕ ಸ್ತೋತ್ರ. ಸುಶೀಲವ್ವಗ ನಿದ್ದಿ ಕೊಡು." ಆಮೆನ್ ಅಂದವರು ಅದೇ ಉಸಿರಿನಲ್ಲಿ, "ಗುಳಿಗಿ ಎಲ್ಲಿ ಇಟ್ಟೀರಿ? ತರ್ರಿ" ಅಂದರು.

ದೇಹ, ಮನಸ್ಸು, ಆತ್ಮ ಮೂರಕ್ಕೂ ಸ್ವಸ್ಥತೆ ಬೇಕು ಅಂತ ಸಭೆಯಲ್ಲಿ ಎಷ್ಟು ಸಲ ಕೇಳಿಲ್ಲ? ಮೂರನ್ನೂ ಒಂದೇ ಕೋಣೆಯಲ್ಲಿ ಕಂಡದ್ದು ಅವತ್ತೇ.

ವಾಪಸು ಟಂಟಂ ಆಟೋದಲ್ಲಿ ಬರುವಾಗ ಅಮ್ಮಾವ್ರು ನಮಗೆಲ್ಲ ಗೊತ್ತಿದ್ದ ಬೈಬಲ್ ಕಥೆಯನ್ನೇ ಹೇಳಿದರು. ಸಾಕಪ್ಪಾ ಜೀವ ಅಂತ ಗಿಡದ ಕೆಳಗೆ ಬಿದ್ದುಕೊಂಡ ಪ್ರವಾದಿಯ ಕಥೆ. ದೇವದೂತ ಬಂದು ಅವನಿಗೆ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು ಕೊಟ್ಟ. ಮಲಗಲು ಬಿಟ್ಟ. ಎಬ್ಬಿಸಿ ಮತ್ತೆ ತಿನ್ನು ಅಂದ.

"ಮಾತೆಲ್ಲ ಆಮ್ಯಾಲ. ನಾವು ಉಲ್ಟಾ ಮಾಡಾಕತ್ತೇವಿ," ಅಂದರು.

"ಹಂಗಾರ ಪ್ರಾರ್ಥನಾ ಬ್ಯಾಡೇನ್ರಿ?" ಎಂದು ಕೇಳಿದರು ನಮ್ಮ ಮುಲಾಮಿನ ಅಕ್ಕಾರು.

"ಬೇಕ್ರಿ. ರೊಟ್ಟಿ ಕಟಗೊಂಡ ಹೋಗಿ ಮಾಡೂಣು."

ಈಗ ನಾವು ಪಾಳಿಯ ಮೇಲೆ ಒಬ್ಬೊಬ್ಬರೇ ಹೋಗುತ್ತೇವೆ. ಡಬ್ಬಿ ನಮ್ಮದೇ. ಗುರುವಾರ ನನ್ನ ಪಾಳಿ. ಅಕ್ಕ ಪೂರ್ತಿ ಗುಣವಾಗಿದ್ದಾಳೆ ಅನ್ನಲಾರೆ. ಕೆಲವು ದಿನ ಮಗ್ಗದ ಹೊದಿಕೆ ತೆಗೆಯುವುದೇ ಇಲ್ಲ. ಆದರೆ ಗುಳಿಗೆ ನುಂಗುತ್ತಾಳೆ. ಒಂದಷ್ಟು ನಿದ್ದೆ ಹತ್ತುತ್ತಿದೆ. ಅತ್ತೆಯ ಮಾತು ತೆಗೆದರೆ ಅಳುತ್ತಾಳೆ, ನಗುತ್ತಾಳೆ, ಎರಡೂ.

ಕಳೆದ ವಾರ ನಾನು ಕಂಡಿಕೆ ಸುತ್ತಲು ಕುಳಿತಿದ್ದೆ. ಮಗ್ಗದ ಆ ಬದಿಯಿಂದ ಅಕ್ಕ ಒದರಿದಳು: "ಇದೇನ ಸುತ್ತೀಯಲೇ, ಹೆಗ್ಗಣ ಬಸರಾದಂಗ ಆಗೇತಿ. ಜಮಖಂಡ್ಯಾಗ ಬರೇ ಕುಂತ ತಿಂತೀರಿ."

ನನಗಾದ ಖುಷಿ ಅಷ್ಟಿಷ್ಟಲ್ಲ. ನಾನೂ ಹೊಳ್ಳಿ ಒದರಿದೆ.

ನಿಮಗೆ ಖಾಯಂ ಬೈಯುವವರು ಯಾರಾದರೂ ಈಚೆಗೆ ಸುಮ್ಮನಾಗಿದ್ದಾರೆಯೇ?